ಹಳೆಯ ಜೀಪು ಕೊಳ್ಳುವ ಮುನ್ನ



2024 ಮತ್ತು 2025ನೇ ಇಸವಿಗಳಲ್ಲಿ ಕಾಫಿಗೆ ಬಂದ ಧಾರಣೆಯಿಂದ ನಮ್ಮಲ್ಲಿ ಅನೇಕರ ಹಳೆಯ ಸಾಲ ತೀರಿತು. ಸಾಲ ತೀರಿದ ಮೇಲೆ ಕೈಯಲ್ಲಿ ಉಳಿದ ಹಣಕ್ಕೆ ಏನು ಮಾಡಬೇಕೆಂಬ ಯೋಚನೆಯೂ ಬಂತು. ಕೆಲವರು ಕಣಕ್ಕೆ ಕಾಂಕ್ರೀಟು ಹಾಕಿಸಿದರು, ಕೆಲವರು ಕೆರೆ ಹೂಳೆತ್ತಿಸಿದರು, ಬಹಳ ಮಂದಿ ಜೀಪಿನ ವಿಚಾರ ತೆಗೆದರು. ನಮ್ಮ ಸಂಘದ ಕಚೇರಿಗೆ ಗೊಬ್ಬರಕ್ಕೋ ಮೈಲುತುತ್ತಕ್ಕೋ ಬಂದ ಸದಸ್ಯರು, ಚೀಟಿ ಬರೆಸಿಕೊಂಡ ಮೇಲೆ ಒಂದು ಘಳಿಗೆ ನಿಂತು, "ಒಂದು ಹಳೆಯ ಫೋರ್‌ವೀಲ್ ಜೀಪು ನೋಡಿದ್ದೇನೆ, ತೆಗೆದುಕೊಳ್ಳಬಹುದೇ?" ಎಂದು ಕೇಳುವುದು ಈಚೆಗೆ ವಾಡಿಕೆಯಾಗಿದೆ. ಒಬ್ಬೊಬ್ಬರಿಗೂ ನಿಂತ ಕಾಲಿನಲ್ಲಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಾಗಿ ಬರೆಯುವುದೇ ಲೇಸೆಂದು ಈ ಲೇಖನ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಣ್ಣ ಬೆಳೆಗಾರನು ಹಳೆಯ ಜೀಪು ಕೊಳ್ಳುವುದು ತಪ್ಪಲ್ಲ. ಹೊಸದರ ಬೆಲೆಗೆ ಕೈಹಾಕುವುದಕ್ಕಿಂತ ಎಷ್ಟೋ ವೇಳೆ ಅದೇ ವಿವೇಕ. ಆದರೆ ಕಾಗದಪತ್ರ ಸರಿಯಿಲ್ಲದ ಜೀಪನ್ನು ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬಾರದು. ಚಾಸಿಯೂ ಬ್ರೇಕೂ ಸರಿಯಿಲ್ಲದ ಜೀಪಿನಲ್ಲಿ ಆಳುಗಳನ್ನು ಕೂರಿಸಬಾರದು. ಇಂಜಿನ್ನು, ಬಣ್ಣ, ಟೈರು ಇವೆಲ್ಲ ಅನಂತರದ ಮಾತು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳಿದ್ದಾರೆ. ಇದು ದಾನವಲ್ಲ, ಬೆವರು ಸುರಿಸಿದ ದುಡ್ಡು ಕೊಟ್ಟು ತರುವ ಹಸು. ಹಲ್ಲನ್ನೂ ಎಣಿಸಬೇಕು, ಗೊರಸನ್ನೂ ಎತ್ತಿ ನೋಡಬೇಕು.

ಬೇಕೇ ಬೇಡವೇ ಎಂಬುದು ಮೊದಲು

ಜೀಪಿನ ಬಳಿಗೆ ಹೋಗುವ ಮುನ್ನ ಮನೆಯಲ್ಲಿ ಕೂತು ಒಂದು ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳಬೇಕು. ವರ್ಷದಲ್ಲಿ ಎಷ್ಟು ದಿನ ತೋಟದೊಳಕ್ಕೆ ಭಾರ ಹೋಗಬೇಕು, ಎಷ್ಟು ದಿನ ತೋಟದಿಂದ ಭಾರ ಬರಬೇಕು, ಅವುಗಳಲ್ಲಿ ನಿಜವಾಗಿ ನಾಲ್ಕೂ ಚಕ್ರ ಎಳೆಯಬೇಕಾದ ದಿನಗಳೆಷ್ಟು? ಬೋರ್ಡೋ ದ್ರಾವಣ ತುಂಬಿದ 200 ಲೀಟರಿನ ಒಂದು ಡ್ರಮ್ಮು 200 ಕಿಲೋಗಿಂತ ಹೆಚ್ಚು ತೂಗುತ್ತದೆ. 50 ಕಿಲೋದ 10 ಮೂಟೆ ಚೆರ್ರಿ ಎಂದರೆ ಅರ್ಧ ಟನ್ನು. ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಸರಿಯಾಗಿ ಮಳೆ ಹಿಡಿದ ಕಾಲದಲ್ಲಿ. ಆರಿದ್ರ, ಪುನರ್ವಸು ಮಳೆಗಳ ನಡುವೆ ಸಿಗುವ ಹೊಳವಿನಲ್ಲಿ ಇಳಿಜಾರಿನ ಕೆಸರು ದಾರಿಯಲ್ಲಿ ಡ್ರಮ್ಮು ಹೊತ್ತು ಹತ್ತಬೇಕಾದವರಿಗೆ ಫೋರ್‌ವೀಲ್ ಬೇಕೇ ಬೇಕು. ಆದರೆ ಮನೆಯಂಗಳದವರೆಗೂ ಜಲ್ಲಿ ರಸ್ತೆಯಿದ್ದು, ಗದ್ದೆಯನ್ನು ಎತ್ತರಿಸಿ ಮಾಡಿದ 3 ಎಕರೆ ಅಡಿಕೆ ತೋಟವಿರುವವರಿಗೆ ಒಂದು ಸಣ್ಣ ಪಿಕಪ್ಪೋ, ತೋಟದ ಸಾಲುಗಳ ನಡುವೆ ನುಗ್ಗುವ ಮೋಟೋಕಾರ್ಟೋ ಸಾಕು. ಪಕ್ಕದ ತೋಟದವರ ಅಂಗಳದಲ್ಲಿ ಜೀಪು ನಿಂತಿದೆ ಎಂಬುದು ನಮ್ಮ ಅಂಗಳಕ್ಕೂ ಜೀಪು ಬರಲು ಕಾರಣವಾಗಬಾರದು.

ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ, ದಪ್ಪ ಟೈರುಗಳ ನಾಲ್ಕು ಚಕ್ರದ ಎ.ಟಿ.ವಿ. ಎಂಬ ವಾಹನದ ಬಗ್ಗೆಯೂ ಕೆಲವು ಯುವ ಬೆಳೆಗಾರರು ಕೇಳುತ್ತಾರೆ. ರೆಸಾರ್ಟುಗಳಲ್ಲಿ ಓಡಿಸಿ ಬಿಟ್ಟವು ಆಗಾಗ ಮಾರಾಟಕ್ಕೆ ಬರುತ್ತವೆ. ಇಂಥವುಗಳಿಗೆ ಸಾಮಾನ್ಯವಾಗಿ ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ನೋಂದಣಿ ಇರುವುದಿಲ್ಲ. ತೋಟ ಎರಡು ತುಂಡಾಗಿದ್ದು ನಡುವೆ ಪಂಚಾಯತಿ ರಸ್ತೆ ಹಾದಿದ್ದರೆ ಆ ರಸ್ತೆಯನ್ನು ದಾಟುವುದೂ ಕಾನೂನಿಗೆ ವಿರುದ್ಧವಾಗುತ್ತದೆ. ಅಲ್ಲದೆ ಅಡ್ಡ ಇಳಿಜಾರಿನಲ್ಲಿ ಅದು ಮಗುಚಿದರೆ ಓಡಿಸುವವನ ಮೇಲೆಯೇ ಬೀಳುತ್ತದೆ. ಮಾರುವವರು ಅದಕ್ಕೆ ಆರ್.ಸಿ. ತೋರಿಸದಿದ್ದಲ್ಲಿ ಅದನ್ನು ಆಟದ ಸಾಮಾನೆಂದೇ ತಿಳಿದು ಬೆಲೆ ಕಟ್ಟಬೇಕು.

ಯಾವ ಮಾದರಿ, ಎಷ್ಟು ವಯಸ್ಸು

ನಮ್ಮ ಕಡೆ ಮಾರಾಟಕ್ಕೆ ಸಿಗುವುದು ಹೆಚ್ಚಾಗಿ ಮಹೀಂದ್ರ ಕಂಪೆನಿಯ ವಾಹನಗಳು. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳು, ಪ್ಯೂಜೊ ಡೀಸೆಲ್ ಇಂಜಿನ್ನಿನ ಎಂ.ಎಂ. 540, ಡಿ.ಐ. ಇಂಜಿನ್ನಿನ ಮೇಜರ್ ಹಾಗೂ ಕಮಾಂಡರ್, 2010ರಲ್ಲಿ ಬಂದ ಥಾರ್, 2020ರಲ್ಲಿ ಬಂದ ಹೊಸ ಥಾರ್, ಜೊತೆಗೆ ಬೊಲೆರೊ ಕ್ಯಾಂಪರ್. ಪೆಟ್ರೋಲು ಬೇಕೆನ್ನುವವರಿಗೆ ಮಾರುತಿ ಜಿಪ್ಸಿ ಇದೆ. ಇದು 1985ರಿಂದ ತಯಾರಾಗಿ, ಸಾರ್ವಜನಿಕರಿಗೆ 2019ರಲ್ಲಿ ನಿಂತಿತು.

ಇಲ್ಲಿ ಒಂದು ಎಚ್ಚರಿಕೆ. ಜೀಪಿನ ಆಕಾರ ಇದ್ದ ಮಾತ್ರಕ್ಕೆ ಅದು ಫೋರ್‌ವೀಲ್ ಆಗಬೇಕಿಲ್ಲ. ಕಮಾಂಡರ್, ಕ್ಯಾಂಪರ್, ಥಾರ್ ಇವುಗಳಲ್ಲಿ ಎರಡು ಚಕ್ರ ಎಳೆಯುವ ಬಗೆಯೂ ಇದೆ, ನಾಲ್ಕು ಚಕ್ರ ಎಳೆಯುವ ಬಗೆಯೂ ಇದೆ. ಎರಡನೇ ಗೇರು ಕಡ್ಡಿ ಇದೆಯೆಂದು ನಂಬಿ ಹಣ ಕೊಡಬೇಡಿ. ನೆಲಕ್ಕೆ ಗೋಣಿ ಹಾಸಿ ಮಲಗಿ ಕೆಳಗಿನಿಂದ ನೋಡಬೇಕು. ಮುಂದಿನ ಆಕ್ಸಲ್ಲಿನಲ್ಲಿ ಕ್ರೌನ್ ಪಿನಿಯನ್ನಿನ ಗುಂಡು ಹೌಸಿಂಗ್ ಇರಬೇಕು, ಅದಕ್ಕೆ ಪ್ರೊಪೆಲ್ಲರ್ ಶಾಫ್ಟು ಸೇರಿರಬೇಕು. ಡೀಸೆಲ್ ಉಳಿಯುತ್ತದೆಂಬ ನಂಬಿಕೆಯಿಂದ ಮುಂದಿನ ಶಾಫ್ಟನ್ನು ಬಿಚ್ಚಿ ಎಲ್ಲೋ ಎಸೆದ ಜೀಪುಗಳೂ ಉಂಟು. "ಶಾಫ್ಟು ಮನೆಯಲ್ಲಿದೆ, ಆಮೇಲೆ ಕಳಿಸಿಕೊಡುತ್ತೇನೆ" ಎಂದವರಿಗೆ, ಹಾಕಿಸಿ ಓಡಿಸಿ ತೋರಿಸಿದ ಮೇಲೆಯೇ ವ್ಯಾಪಾರ ಎಂದು ಹೇಳಿ ಎದ್ದು ಬರಬೇಕು.

ವಯಸ್ಸಿನ ವಿಚಾರದಲ್ಲಿ ನಮ್ಮ ಮಾತು ಇಷ್ಟು. ಹಳೆಯ ಡಿ.ಐ. ಜೀಪನ್ನು ನಮ್ಮೂರಿನ ಗ್ಯಾರೇಜಿನಲ್ಲಿ ಸ್ಪ್ಯಾನರು ಹಿಡಿದ ಯಾರಾದರೂ ಬಿಚ್ಚಿ ಜೋಡಿಸಬಲ್ಲರು. ಅದಕ್ಕೆ ಬಲವಿದೆ, ಆದರೆ ಅದರಲ್ಲಿ ಕೂತವರಿಗೆ ರಕ್ಷಣೆ ಕಡಿಮೆ. ಈಚಿನ ಕಾಮನ್ ರೈಲ್ ಇಂಜಿನ್ನುಗಳು ಓಡಿಸಲು ಸುಖ. ಆದರೆ ದೋಷ ಬಂದಾಗ ಕಂಪ್ಯೂಟರು ಹಾಕಿ ನೋಡಬೇಕು, ಅದು ಪೇಟೆಯಲ್ಲಿ ಮಾತ್ರ ಸಿಗುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಶೋಧಕ, ಅಂದರೆ ಡಿ.ಪಿ.ಎಫ್., ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದಾಗ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಮೊದಲನೇ ಎರಡನೇ ಗೇರಿನಲ್ಲಿ ತೆವಳುವ ವಾಹನದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಬರೀ ತೋಟದ ಕೆಲಸಕ್ಕೆಂದು ಕೊಳ್ಳುವವರು ಇದನ್ನು ಮರೆಯಬಾರದು.

ಎಲ್ಲಿಂದ ಬಂದದ್ದು?

ಜೀಪಿನ ಪೂರ್ವಾಶ್ರಮ ತಿಳಿದರೆ ಎಲ್ಲಿ ನೋಡಬೇಕೆಂಬುದು ಅರ್ಧ ತಿಳಿದಂತೆ.

ಮೊದಲನೆಯದು, ಇನ್ನೊಂದು ತೋಟದಿಂದ ಬಂದದ್ದು. ಇದರ ಮೀಟರಿನಲ್ಲಿ ಕಿಲೋಮೀಟರು ಕಡಿಮೆ ಕಾಣಿಸುತ್ತದೆ. ಅದನ್ನು ನೋಡಿ ಹಿಗ್ಗಬಾರದು. ರಸ್ತೆಯಲ್ಲಿ 40,000 ಕಿ.ಮೀ. ಓಡಿದ್ದಕ್ಕೂ ಮೊದಲನೇ ಗೇರಿನಲ್ಲಿ ಗುಡ್ಡ ಹತ್ತುತ್ತ 40,000 ಕಿ.ಮೀ. ಓಡಿದ್ದಕ್ಕೂ ಅಜಗಜಾಂತರ. ಕ್ಲಚ್ಚು, ಗೇರು ಬಾಕ್ಸು, ಕ್ರೌನು ಇವುಗಳ ಸವಕಲು ಮೀಟರಿನಲ್ಲಿ ಬರುವುದಿಲ್ಲ. ಇದಕ್ಕಿಂತ ಮುಖ್ಯವಾಗಿ ನಮ್ಮದೇ ಔಷಧಿ ಗೊಬ್ಬರಗಳು ಜೀಪನ್ನು ತಿನ್ನುತ್ತವೆ. ಮೈಲುತುತ್ತದ ನೀರು ಬಿದ್ದ ಕಬ್ಬಿಣ ಬೇಗನೆ ಕೊರೆಯುತ್ತದೆಂಬುದು ಔಷಧಿಗೆ ಕಬ್ಬಿಣದ ಬಕೆಟ್ಟು ಬಳಸಬಾರದೆಂದು ಬಲ್ಲ ನಮಗೆ ಹೊಸದಾಗಿ ಹೇಳಬೇಕಿಲ್ಲ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಹಿಂಬದಿಯ ತಗಡಿನ ಮೇಲೆ ಹೊಸ ಮ್ಯಾಟು ಹಾಸಿದ್ದರೆ ಅದನ್ನು ಎತ್ತಿಸಿ, ಕೆಳಗಿನ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ, ತುಕ್ಕು ತಿಂದದ್ದು ಮಂಕಾಗಿ ನುಡಿಯುತ್ತದೆ.

ಎರಡನೆಯದು, ಕರಾವಳಿಯಿಂದ ಬಂದದ್ದು. ಘಟ್ಟದ ಕೆಳಗಿನ ಉಪ್ಪು ಗಾಳಿ, ಮೀನಿನ ನೀರು, ಹೊಳೆಯ ಮರಳು ಈ ಮೂರರಲ್ಲಿ ಯಾವುದನ್ನು ಕಂಡಿದ್ದರೂ ಚಾಸಿಯ ಒಳಮೈ ಹೋಗಿರುವ ಸಂಭವ ಉಂಟು. ಹೊರಗೆ ಪಟ್ಟಿ ಹಾಕಿ ಉಜ್ಜಿ ಬಣ್ಣ ಹೊಡೆದಿರುತ್ತಾರೆ. ಬಾಗಿಲ ಕೆಳಗಿನ ಅಂಚಿಗೂ ಚಕ್ರದ ಮೇಲಿನ ತಗಡಿಗೂ ಅಯಸ್ಕಾಂತವೊಂದನ್ನು ಹಿಡಿದು ನೋಡಿ. ಅಂಟದ ಕಡೆ ಇರುವುದು ತಗಡಲ್ಲ, ಪಟ್ಟಿ.

ಮೂರನೆಯದು, ಪೇಟೆಯ ಶೋಕಿಗಾರರಿಂದ ಬಂದದ್ದು. ದೊಡ್ಡ ಟೈರು, ಎತ್ತರಿಸಿದ ಸ್ಪ್ರಿಂಗು, ಸಾಲು ದೀಪ, ಬೇರೆ ಇಂಜಿನ್ನು. ನೋಡಲು ಬಹಳ ಚೆನ್ನ. ಆದರೆ ದೊಡ್ಡ ಟೈರು ಹಾಕಿದಷ್ಟೂ ಆಕ್ಸಲ್ಲಿಗೂ ಬೇರಿಂಗಿಗೂ ಬ್ರೇಕಿಗೂ ಹೊರೆ ಹೆಚ್ಚುತ್ತದೆ, ಎತ್ತರ ಹೆಚ್ಚಿದಷ್ಟೂ ಮಗುಚುವ ಭಯ ಹೆಚ್ಚುತ್ತದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ತಯಾರಕರ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿ ಹಿಡಿದಿದೆ. ಇಂಜಿನ್ನು ಬದಲಾಗಿದ್ದರೆ ಆರ್.ಸಿ.ಯಲ್ಲಿ ಆ ಸಂಖ್ಯೆ ನಮೂದಾಗಿರಬೇಕು. ಇಲ್ಲವಾದರೆ ಆ ತೊಡಕು ಕೊಂಡವನ ಕೊರಳಿಗೆ.

ನಾಲ್ಕನೆಯದು, ಹರಾಜಿನಲ್ಲಿ ಬಂದದ್ದು. ಸೈನ್ಯದವರು ವಿಲೇವಾರಿ ಮಾಡಿದ ಜೀಪು, ಜಿಪ್ಸಿಗಳನ್ನು ಮಾರುವ ದಲ್ಲಾಳಿಗಳಿದ್ದಾರೆ. ಸಾರ್ವಜನಿಕ ಹರಾಜಿನಲ್ಲಿ ಕೊಂಡ ವಾಹನದ ಹೆಸರು ಬದಲಾವಣೆಗೆ ಫಾರಂ 32 ಬೇಕು, ಹರಾಜಿನ ಮೂಲ ಕಾಗದಗಳೂ ಬೇಕು. ಜೆರಾಕ್ಸು ಪ್ರತಿಯ ಮೇಲೆ ವ್ಯಾಪಾರ ಬೇಡ. ಸರ್ಕಾರಿ ಇಲಾಖೆಗಳ ಜೀಪುಗಳನ್ನು ಹಿಂದೆ ನಮ್ಮವರು ಹರಾಜಿನಲ್ಲಿ ಕೊಂಡು ತೋಟಕ್ಕೆ ಬಳಸುತ್ತಿದ್ದುದುಂಟು. ಆದರೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ, ಅವು ಗುಜರಿಗೇ ಹೋಗಬೇಕು. ಅಂಥದೊಂದನ್ನು ಯಾರಾದರೂ ಓಡಿಸಲೆಂದು ಮಾರಲು ಬಂದರೆ ದೂರವಿರುವುದು ಮೇಲು.

ಐದನೆಯದು, ಹೊರ ರಾಜ್ಯದಿಂದ ಬಂದದ್ದು. ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿದ ಮೇಲೆ ಅಲ್ಲಿನ ವಾಹನಗಳು ಅಗ್ಗಕ್ಕೆ ಇತರ ರಾಜ್ಯಗಳಿಗೆ ಹರಿದು ಬಂದವು. ಕೊಡಗಿನ ಕಡೆ ಕೇರಳದ ಜೀಪುಗಳಂತೂ ಮೊದಲಿನಿಂದಲೂ ಬರುತ್ತಿವೆ. ಇಂಥವಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28, ಬೇಕು. ಇಲ್ಲಿ ತೆರಿಗೆ ಕಟ್ಟಬೇಕು, ನಮ್ಮ ರಾಜ್ಯದ ಹೊಸ ಸಂಖ್ಯೆ ಪಡೆಯಬೇಕು. ಕೊಳ್ಳುವ ಬೆಲೆಗೆ ಈ ಖರ್ಚನ್ನು ಸೇರಿಸಿ ನೋಡಿದರೆ ಎಷ್ಟೋ ವೇಳೆ ಅಗ್ಗವೆಂಬುದು ಅಗ್ಗವಾಗಿ ಉಳಿಯುವುದಿಲ್ಲ.

ಕಾಗದಪತ್ರಗಳು

ಜೀಪಿನ ಬಾನೆಟ್ಟು ಎತ್ತುವ ಮುನ್ನ ಆರ್.ಸಿ. ಕೇಳಿ. ಅದರಲ್ಲಿರುವ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿರುವುದರೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಸುತ್ತಲೂ ಉಜ್ಜಿದ, ಬೆಸುಗೆ ಹಾಕಿದ ಗುರುತಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಈಗ ಪರಿವಾಹನ್ ಜಾಲತಾಣದಲ್ಲಿಯೂ ಮೊಬೈಲಿನಲ್ಲಿಯೂ ವಾಹನದ ಸಂಖ್ಯೆ ಹಾಕಿದರೆ ನೋಂದಣಿ ಎಲ್ಲಿಯವರೆಗಿದೆ, ವಿಮೆ ಇದೆಯೇ, ಸಾಲದ ನಮೂದು ಇದೆಯೇ ಎಂಬುದೆಲ್ಲ ಕಾಣುತ್ತದೆ. ನಮಗೆ ಬಾರದಿದ್ದರೆ ಮನೆಯ ಮಕ್ಕಳಿಗೆ ಹೇಳಿದರೆ ನೋಡಿಕೊಡುತ್ತಾರೆ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಅನಂತರ ವಾಹನವನ್ನು ತಪಾಸಣೆಗೆ ಒಡ್ಡಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿತು. "ಎಫ್.ಸಿ. ಒಂದು ಆಗಬೇಕಷ್ಟೆ, ಮಿಕ್ಕಿದ್ದೆಲ್ಲ ಸರಿಯಿದೆ" ಎಂದು ಮಾರುವವರು ಹೇಳಿದಾಗ, ಅದನ್ನು ನೀವೇ ಮಾಡಿಸಿಕೊಡಿ, ಬೇಕಾದರೆ ಅಷ್ಟು ಹಣ ಹೆಚ್ಚು ಕೊಡುತ್ತೇವೆ ಎನ್ನಿ. ಸುಲಭವಾಗಿ ಆಗುವ ಕೆಲಸವಾಗಿದ್ದರೆ ಅವರು ಈಗಾಗಲೇ ಮಾಡಿಸಿಕೊಂಡು ಹೆಚ್ಚಿನ ಬೆಲೆ ಕೇಳುತ್ತಿದ್ದರು.

ಸಾಲದಲ್ಲಿ ಕೊಂಡ ವಾಹನವಾಗಿದ್ದರೆ ಬ್ಯಾಂಕಿನ ಒಪ್ಪಿಗೆಯೊಡನೆ ಫಾರಂ 35 ಕೊಟ್ಟು ಆರ್.ಸಿ.ಯಿಂದ ಸಾಲದ ನಮೂದನ್ನು ತೆಗೆಸಿರಬೇಕು. ಇನ್ನು ತೋಟದ ಮನೆತನಗಳಲ್ಲಿ ಬಹಳವಾಗಿ ಕಾಣುವ ತೊಡಕೆಂದರೆ, ಜೀಪು ತೀರಿಕೊಂಡ ತಂದೆಯವರ ಹೆಸರಿನಲ್ಲೇ ಇರುವುದು. ಮಗ ಮಾರುತ್ತಾನೆ, ಸಹಿ ಮಾಡಬೇಕಾದವರು ಇಲ್ಲ. ಮೊದಲು ವಾರಸುದಾರರು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡು, ಬಳಿಕ ಮಾರಬೇಕು. ಅಣ್ಣತಮ್ಮಂದಿರ ಒಪ್ಪಿಗೆಯೂ ಇರಬೇಕು. ಒಂದು ಜೀಪಿನ ಸಲುವಾಗಿ ಇನ್ನೊಬ್ಬರ ಮನೆಯ ಪಾಲಿನ ಜಗಳಕ್ಕೆ ನಾವು ಸಾಕ್ಷಿಯಾಗಬೇಕಾದ ಅವಶ್ಯಕತೆಯಿಲ್ಲ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೂ, ಕೊಂಡವರು 30 ದಿನಗಳೊಳಗೂ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮಾ ಕಂಪೆನಿಗೂ ಕೊಂಡವರು 14 ದಿನಗಳೊಳಗೆ ಅರ್ಜಿ ಕೊಡಬೇಕು. ಹೆಸರು ಬದಲಿಸಿಕೊಳ್ಳದಿದ್ದಲ್ಲಿ ಹೊರಗಿನವರಿಗೆ ಆದ ನಷ್ಟಕ್ಕೆ ವಿಮೆ ಮುಂದುವರಿದರೂ ನಮ್ಮ ಸ್ವಂತ ವಾಹನದ ನಷ್ಟ ನಮಗೆ ದಕ್ಕುವುದಿಲ್ಲ.

ಈ ಮಾತು ಕೊಳ್ಳುವವರಿಗೆ ಮಾತ್ರವಲ್ಲ, ತಮ್ಮ ಹಳೆಯ ಜೀಪನ್ನು ಮಾರುವ ಸದಸ್ಯರಿಗೂ ಸಲ್ಲುತ್ತದೆ. ಖಾಲಿ ಫಾರಮ್ಮಿಗೆ ಸಹಿ ಹಾಕಿ, ಹಣ ಎಣಿಸಿಕೊಂಡು, ಕೀಲಿ ಕೊಟ್ಟರೆ ಋಣ ತೀರಿತೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ತೀರುವುದಿಲ್ಲ. ವಾಹನ ಕೈಯಿಂದ ಕೈಗೆ ಎಷ್ಟು ಬಾರಿ ಮಾರಾಟವಾಗಿದ್ದರೂ ಆರ್.ಸಿ.ಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ನಾವು ಕಾಣದ ಊರಿನಲ್ಲಿ, ನಾವು ಕಾಣದ ಮನುಷ್ಯ ಮಾಡಿದ ಅಪಘಾತಕ್ಕೆ ನಮ್ಮ ತೋಟದ ಮೇಲೆ ಜಪ್ತಿ ಬರುವುದು ಎಂದರೆ ಏನೆಂದು ಯೋಚಿಸಿ ನೋಡಿ. ಆದುದರಿಂದ ಕೊಳ್ಳುವವರು ಸ್ವಲ್ಪ ಹಣವನ್ನು ಹೆಸರು ಬದಲಾವಣೆ ಆಗುವವರೆಗೆ ತಡೆದಿಡುವುದೂ, ಮಾರುವವರು ವಾಹನ ಒಪ್ಪಿಸಿದ ತಾರೀಖು ಮತ್ತು ಗಂಟೆಯನ್ನು ಬರೆಸಿ ಸಹಿ ಪಡೆಯುವುದೂ ಇಬ್ಬರಿಗೂ ಕ್ಷೇಮ. ಹಣ ಬ್ಯಾಂಕಿನ ಮೂಲಕವೇ ಹೋಗಲಿ.

ಜೀಪಿನ ಬಳಿ ನಿಂತಾಗ

ಹೋಗುವಾಗ ನಮ್ಮದೇ ಮೇಸ್ತ್ರಿಯನ್ನು ಕರೆದೊಯ್ಯಬೇಕು. ಆತನಿಗೆ ಒಂದು ದಿನದ ಕೂಲಿ, ಊಟ, ಬಸ್ಸಿನ ಚಾರ್ಜು ಕೊಡುವುದಕ್ಕೆ ಲೋಭ ಮಾಡಬಾರದು. ದಲ್ಲಾಳಿ ತೋರಿಸುವ ಮೇಸ್ತ್ರಿ ದಲ್ಲಾಳಿಯ ಮೇಸ್ತ್ರಿಯೇ. ಬೆಳಗ್ಗೆ ಹೋಗಬೇಕು, ಇಂಜಿನ್ನು ತಣ್ಣಗಿರುವಾಗಲೇ ನೋಡಬೇಕು. ಬಾನೆಟ್ಟು ಮುಟ್ಟಿದಾಗ ಬಿಸಿಯಾಗಿದ್ದರೆ ನಮಗಾಗಿ ಮೊದಲೇ ಸ್ಟಾರ್ಟು ಮಾಡಿಟ್ಟಿದ್ದಾರೆಂದು ಅರ್ಥ. ಏಕೆ ಮಾಡಿಟ್ಟರು ಎಂದು ಕೇಳಲೇಬೇಕು.

ರೇಡಿಯೇಟರಿನ ಮುಚ್ಚಳ ತೆರೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ. ಡಿಪ್‌ಸ್ಟಿಕ್ಕು ಎಳೆದು ಆಯಿಲಿನ ಬಣ್ಣ ನೋಡಿ. ಡೀಸೆಲ್ ಇಂಜಿನ್ನಿನ ಆಯಿಲು ಕಪ್ಪಾಗಿರುವುದು ಸಹಜ. ಆದರೆ ಅದು ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ಒಳಗೆ ನೀರು ಬೆರೆತಿದೆ. ಆ ಕಾಫಿ ಬಹಳ ದುಬಾರಿ. ಸ್ಟಾರ್ಟು ಮಾಡಿದ ಮೇಲೆ ನೀಲಿ ಹೊಗೆ ಬಂದರೆ ಆಯಿಲು ಸುಡುತ್ತಿದೆ. ಬಿಳಿ ಹೊಗೆ ಇಂಜಿನ್ನು ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರಿನ ಸಂಶಯ. ಕಪ್ಪು ಹೊಗೆಯಾದರೆ ಪಂಪು, ನಾಜಲ್, ಏರ್ ಫಿಲ್ಟರಿನ ಕಡೆ ನೋಡಬೇಕು. ಇಂಜಿನ್ನು ಓಡುತ್ತಿರುವಾಗ ಆಯಿಲು ತುಂಬುವ ಮುಚ್ಚಳ ತೆರೆದರೆ ಅಲ್ಲಿಂದ ಹೊಗೆ ಗಪಗಪನೆ ಉಗುಳುವುದನ್ನು ಮೇಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅದಿದ್ದರೆ ಇಂಜಿನ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಇಂಜಿನ್ನಿಗಿಂತ ಹೆಚ್ಚು ಹೊತ್ತು ಕೆಳಗೆ ನೋಡಬೇಕೆಂಬುದು ನಮ್ಮ ಆಗ್ರಹ. ಇಂಜಿನ್ನು ಕೆಟ್ಟರೆ ಜೀಪು ನಿಲ್ಲುತ್ತದೆ, ಕೆಳಗಿನದು ಕೆಟ್ಟರೆ ಜೀಪು ನಿಲ್ಲುವುದಿಲ್ಲ. ಸ್ಪ್ರಿಂಗು ಚಾಸಿಗೆ ಸೇರುವ ಬ್ರಾಕೆಟ್ಟುಗಳ ಬಳಿ, ಸ್ಟೀರಿಂಗ್ ಬಾಕ್ಸು ಕೂತ ಜಾಗದ ಬಳಿ ಬಿರುಕು, ಹೊಸ ಬೆಸುಗೆ, ಆ ಒಂದು ಕಡೆ ಮಾತ್ರ ಬಳಿದ ಹೊಸ ಕಪ್ಪು ಬಣ್ಣ ಇವು ಇವೆಯೇ? ಸ್ಪ್ರಿಂಗಿನ ಮೇನ್ ಪ್ಲೇಟು ಮುರಿದಿದೆಯೇ? ಯು ಬೋಲ್ಟು ಸಡಿಲವಾಗಿವೆಯೇ? ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಿಂಗ್ ಪಿನ್ನು, ಬೇರಿಂಗುಗಳ ಸ್ಥಿತಿ ತಿಳಿಯುತ್ತದೆ. ಪಕ್ಕದಿಂದ ಪಕ್ಕಕ್ಕೆ ಅಲುಗಿಸಿದರೆ ಟೈರಾಡ್ ಎಂಡಿನದು ತಿಳಿಯುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಚಿ ಕ್ರಾಸಿನ ಸವಕಲು ನೋಡಬಹುದು.

ಟೈರಿನ ಬದಿಯಲ್ಲಿ ನಾಲ್ಕು ಅಂಕೆಯ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೂವು ಚೆನ್ನಾಗಿದ್ದರೂ ಬಹಳ ವರ್ಷದ ಟೈರು ಒಣಗಿ ಬಿರಿದಿರುತ್ತದೆ. ನಾಲ್ಕೂ ಟೈರು ಒಂದೇ ಅಳತೆಯವಿರಬೇಕು. ಅಳತೆ ಬೇರೆಯಾದರೆ ಫೋರ್‌ವೀಲ್ ಹಾಕಿದಾಗ ಗೇರುಗಳು ಒಂದಕ್ಕೊಂದು ಎಳೆದಾಡುತ್ತವೆ.

ಓಡಿಸಿ ನೋಡುವುದು

ಟಾರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದರೆ ಜೀಪಿನ ಪರೀಕ್ಷೆ ಆಗುವುದಿಲ್ಲ. ನಮ್ಮ ತೋಟದ ದಾರಿಯಂಥದೇ ಏರು ಹುಡುಕಿ, ನಾಲ್ಕು ಜನರನ್ನೋ ನಾಲ್ಕು ಮೂಟೆಯನ್ನೋ ಹಾಕಿಕೊಂಡು ಹತ್ತಿಸಬೇಕು. ಮಣ್ಣಿನ ನೆಲದಲ್ಲಿ ಫೋರ್‌ವೀಲ್ ಹಾಕಿ, ಹೈನಲ್ಲಿಯೂ ಲೋನಲ್ಲಿಯೂ ಮುಂದಕ್ಕೂ ಹಿಂದಕ್ಕೂ ಓಡಿಸಬೇಕು. ಕೆಲವು ಮಾದರಿಗಳಲ್ಲಿ ಮುಂದಿನ ಚಕ್ರದ ಹಬ್ಬುಗಳನ್ನು ಇಳಿದು ಕೈಯಿಂದ ಲಾಕು ಮಾಡಬೇಕು. ಅವು ತುಕ್ಕು ಹಿಡಿದು ಅಲುಗದಂತಿದ್ದರೆ ಕಡ್ಡಿ ಎಳೆದರೂ ಮುಂದಿನ ಚಕ್ರ ಎಳೆಯುವುದಿಲ್ಲ. ಗಟ್ಟಿ ಟಾರಿನ ಮೇಲೆ ಫೋರ್‌ವೀಲ್ ಹಾಕಿ ಹೊರಳಿಸಬಾರದೆಂಬುದನ್ನೂ ನೆನಪಿಡಿ. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸವನ್ನು ತಾಳಿಕೊಳ್ಳುವ ಏರ್ಪಾಡು ನಡುವೆ ಇರುವುದಿಲ್ಲ.

ಇಳಿಜಾರಿನ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಗೇರು ತಾನಾಗಿ ಕಳಚಿಕೊಂಡರೆ ಆ ಜೀಪು ನಮ್ಮ ಮಲೆನಾಡಿನದಲ್ಲ. ನಡು ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು ಕಾಲು ತೆಗೆದಾಗ ಅದು ನಿಲ್ಲಬೇಕು. ಬ್ರೇಕು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಕ್ಕೆ ಹೋಗಬಾರದು. ಹಳ್ಳ ದಾಟಿಸಿ ಬ್ರೇಕು ಹಿಡಿಯುತ್ತದೆಯೇ ನೋಡಬೇಕು. ಮಟ್ಟಸ ನೆಲದಲ್ಲಿ ಹ್ಯಾಂಡ್ ಬ್ರೇಕು ಹಾಕಿ ಮೂರನೇ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಇಂಜಿನ್ನು ಆಫಾಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟು ಮುಗಿದಿದೆ.

ಕೊಯ್ಲು ಮುಗಿದು ಹಣ ಬಂದ ಫೆಬ್ರವರಿ ಮಾರ್ಚಿನಲ್ಲಿ ಎಲ್ಲರೂ ಜೀಪು ಹುಡುಕುತ್ತಾರೆ, ಆಗ ಬೆಲೆಯೂ ಏರಿರುತ್ತದೆ, ದಾರಿಯೂ ಒಣಗಿರುತ್ತದೆ. ತಡೆದುಕೊಳ್ಳಬಲ್ಲವರು ಮಳೆ ಹಿಡಿದ ಮೇಲೆ ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಎಲ್ಲ ಜೀಪುಗಳೂ ಗುಡ್ಡ ಹತ್ತುತ್ತವೆ.

ಕೂರುವವರ ಮಾತು

ಕೊನೆಯದಾಗಿ, ಆದರೆ ನಮ್ಮ ಮನಸ್ಸಿನಲ್ಲಿ ಮೊದಲನೆಯದಾಗಿ ಇರುವ ಮಾತು. ನಾವು ಜೀಪನ್ನು ಗೊಬ್ಬರಕ್ಕೆ, ಚೆರ್ರಿಗೆ ಎಂದು ಕೊಳ್ಳುತ್ತೇವೆ. ತಂದ ಮರುವಾರದಿಂದ ಅದರಲ್ಲಿ ಆಳುಗಳೂ ಕೂರುತ್ತಾರೆ. ಕೊಯ್ಲಿನ ದಿನಗಳಲ್ಲಿ ಆರು ಜನರ ಜಾಗದಲ್ಲಿ ಹದಿನಾಲ್ಕು ಜನ. 2023ರ ಆಗಸ್ಟ್ 25ರಂದು ನೆರೆಯ ವಯನಾಡಿನ ಮಾನಂತವಾಡಿ ಸಮೀಪ, ಚಹಾ ತೋಟದ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಹೆಣ್ಣಾಳುಗಳ ಜೀಪು ಕಮರಿಗೆ ಉರುಳಿ 9 ಮಂದಿ ತೀರಿಕೊಂಡರು. ಅಂಥದೇ ದಾರಿ, ಅಂಥದೇ ಜೀಪು, ಅಂಥದೇ ಸಂಜೆ ನಮ್ಮಲ್ಲಿಯೂ ಇವೆ.

ಆರ್.ಸಿ.ಯಲ್ಲಿ ಎಷ್ಟು ಜನರೆಂದು ಬರೆದಿದೆಯೋ ಅಷ್ಟೇ ಜನ ಕೂರಬೇಕು. ಎರಡು ಸಲ ಹೋಗಿ ಬಂದರೆ ಅರ್ಧ ಗಂಟೆ, ಒಂದು ಲೀಟರು ಡೀಸೆಲ್ ಹೆಚ್ಚು ಹೋಗಬಹುದು, ಹೋಗಲಿ. ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿ ಉಳಿಸುವ ದುಡ್ಡೂ ಉಳಿತಾಯವಲ್ಲ. ಅಂಥ ಪಾಲಿಸಿಯಲ್ಲಿ ಒಳಗೆ ಕೂತವರಿಗೆ ಪರಿಹಾರ ಸಿಗುವುದು ಖಚಿತವಿಲ್ಲ. ಕೂತವರಿಗೂ ರಕ್ಷಣೆ ಇರುವ ಪಾಲಿಸಿಯನ್ನೇ ಕೇಳಿ, ಬರಹದಲ್ಲಿ ನೋಡಿ ಮಾಡಿಸಬೇಕು. ವರ್ಷವಿಡೀ ನಮ್ಮ ತೋಟಕ್ಕೆ ಬರುವವರ ಜೀವ ಎರಡು ಮೂಟೆ ಕಾಫಿಗಿಂತ ಅಗ್ಗವೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸವೆದ ಬ್ರೇಕಿನ ಜೀಪಿನಲ್ಲಿ ಅವರನ್ನು ತುಂಬಿದಾಗ ಬಾಯಿಬಿಡದೆಯೇ ಹೇಳಿದಂತಾಗುತ್ತದೆ.

ಮೇಲೆ ಹೇಳಿದ್ದೆಲ್ಲ ಒಬ್ಬನೇ ಮಾಡುವುದು ಕಷ್ಟವೆನಿಸಿದರೆ ಅದಕ್ಕಾಗಿಯೇ ಸಂಘವಿರುವುದು. ಒಂದೇ ಹೋಬಳಿಯ ಮೂರು ನಾಲ್ಕು ಸಣ್ಣ ಬೆಳೆಗಾರರು ಸೇರಿ, ಖರ್ಚು ಹಂಚಿಕೆಯನ್ನೂ ಹೊಣೆಯನ್ನೂ ಕಾಗದದ ಮೇಲೆ ಬರೆದು ಒಂದು ಜೀಪು ಇಟ್ಟುಕೊಳ್ಳುವುದು ಒಂದು ದಾರಿ. ಬಿಳಿ ಬೋರ್ಡಿನ ಜೀಪನ್ನು ಬಾಡಿಗೆಗೆ ಬಿಡುವಂತಿಲ್ಲವೆಂಬುದನ್ನು ಅವರು ಮರೆಯಬಾರದು. ನಂಬಿಕಸ್ತ ಮೇಸ್ತ್ರಿಯೊಬ್ಬರನ್ನು ಸಂಘದ ವತಿಯಿಂದ ಗೊತ್ತುಮಾಡಿ, ಸದಸ್ಯರು ಕೊಳ್ಳುವ ವಾಹನವನ್ನು ನಿಗದಿ ಕೂಲಿಗೆ ನೋಡಿಕೊಡುವ ಏರ್ಪಾಡನ್ನು ಮುಂದಿನ ಮಹಾಸಭೆಯಲ್ಲಿ ಪ್ರಸ್ತಾಪಿಸಬೇಕೆಂದಿದ್ದೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಪತ್ರ ಮುಖೇನ ಇಲ್ಲವೇ ಸಂತೆಯ ದಿನ ಕಚೇರಿಗೆ ಬಂದು ತಿಳಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಯಾರಾದರೂ ಮುಂಗಡ ಕೊಡಲು ಹೊರಟಿದ್ದರೆ, ಆರ್.ಸಿ.ಯ ಒಂದು ಪ್ರತಿಯನ್ನು ಹಿಡಿದು ಮೊದಲು ಕಚೇರಿಗೆ ಬನ್ನಿ. ಕೂತು ನೋಡೋಣ.

— ಕಾರ್ಯದರ್ಶಿ